ಫೋನಿನ ಬೆಂಚ್‌ಮಾರ್ಕ್ ಅಂಕ ನಮ್ಮ ಕಡೆಯ ಬಿಸಿಲಿಗೆ ಎಷ್ಟು ನಿಲ್ಲುತ್ತದೆ?

ವಿದ್ಯಾನಗರ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ತಂಗಿ ಈ ವರ್ಷ ಇಂಜಿನಿಯರಿಂಗ್ ಸೇರುತ್ತಿದ್ದಾಳೆ. ಅವಳಿಗೆ ಹದಿನೈದು ಸಾವಿರದ ಆಸುಪಾಸಿನಲ್ಲಿ ಒಂದು ಫೋನ್ ನೋಡುತ್ತಿದ್ದೇನೆ. ಯಾವ ಅಂಗಡಿಗೆ ಹೋದರೂ ಮೊದಲು ಕಿವಿಗೆ ಬೀಳುವುದು ಆಂಟುಟು ಅಂಕ, ಅಂದರೆ ಫೋನಿನ ವೇಗ ಅಳೆಯುವ ಆಂಟುಟು ಅನ್ನುವ ಬೆಂಚ್‌ಮಾರ್ಕ್ ಆ್ಯಪ್ ಕೊಡುವ ಸಂಖ್ಯೆ. "ಇದು ನಾಲ್ಕು ಲಕ್ಷ ಸರ್, ಅದು ಐದು ಲಕ್ಷ ಸರ್" ಅಂತ. ಅದರ ಜೊತೆ ಎಂಟು ಕೋರ್, ಇಷ್ಟು ಗಿಗಾಹರ್ಟ್ಸ್ ಅಂತ ಇನ್ನೊಂದಿಷ್ಟು ಸಂಖ್ಯೆ.

ಈ ಸಂಖ್ಯೆ ನಂಬಿ ದುಡ್ಡು ಹಾಕಬಹುದಾ? ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಬಿಸಿಲು ನಲವತ್ತರ ಹತ್ತಿರ ಹೋಗುತ್ತದೆ. ಎಸಿ ರೂಮಿನಲ್ಲಿ ಕೂತು ತೆಗೆದ ಅಂಕ ಇಲ್ಲಿ ಉಳಿಯುತ್ತದಾ? ಗೊತ್ತಿರುವವರು ಬಿಡಿಸಿ ಹೇಳಿ. ಸಾಧ್ಯವಾದರೆ ನಾವೇ ಮನೆಯಲ್ಲಿ ಅಳೆಯುವ ಒಂದು ಪದ್ಧತಿ ಮಾಡಿಕೊಳ್ಳೋಣ. ದಾವಣಗೆರೆಯವರ ಅಂಕ, ದುರ್ಗದವರ ಅಂಕ ಪಕ್ಕಪಕ್ಕ ಇಟ್ಟು ನೋಡುವ ಹಾಗಿರಬೇಕು.

ಕೋಟೆ ಕಡೆಯವನು

ಕೇಳಿದ್ದು ಒಳ್ಳೆಯದಾಯಿತು. ನಾನು ಸಣ್ಣ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದೇನೆ. ಮೊದಲು ಕೋರ್, ಅಂದರೆ ಚಿಪ್ ಒಳಗೆ ಲೆಕ್ಕ ಮಾಡುವ ಘಟಕದ ವಿಷಯ ಹೇಳಿಬಿಡುತ್ತೇನೆ. ಜನ ಹೆಚ್ಚು ಎಡವುವುದು ಅಲ್ಲೇ.

"ಎಂಟು ಕೋರ್, 2.3 ಗಿಗಾಹರ್ಟ್ಸ್" ಅಂದರೆ ಇನ್ನೂ ಏನೂ ಹೇಳಿದ ಹಾಗಾಗಲಿಲ್ಲ. ಹೀಲಿಯೋ ಜಿ35 ಚಿಪ್ ತಗೊಳ್ಳಿ. ಅದರಲ್ಲಿ ಎಂಟಕ್ಕೆ ಎಂಟೂ ಕಾರ್ಟೆಕ್ಸ್ ಎ53 ಕೋರ್. ಆರ್ಮ್ ಕಂಪನಿ 2012ರಲ್ಲಿ ಪ್ರಕಟಿಸಿದ ವಿನ್ಯಾಸ ಅದು. ಕರೆಂಟ್ ಉಳಿಸಲಿ ಅಂತ ಮಾಡಿದ್ದು. ಹೀಲಿಯೋ ಜಿ99ರಲ್ಲಿ ಎರಡು ಕಾರ್ಟೆಕ್ಸ್ ಎ76, ಉಳಿದ ಆರು ಎ55. ಅದರ ದೊಡ್ಡ ಕೋರ್ ಓಡುವುದು 2.2 ಗಿಗಾಹರ್ಟ್ಸ್‌ನಲ್ಲಿ. ಕ್ಲಾಕ್, ಅಂದರೆ ಕೋರ್ ಓಡುವ ಗತಿ, ಜಿ35ಕ್ಕಿಂತ ಸ್ವಲ್ಪ ಕಡಿಮೆಯೇ. ಆದರೂ ಜಿ99 ಎಷ್ಟೋ ಚುರುಕು. ಕಾರಣ ಇಷ್ಟೇ. ಎ53 ಆದೇಶಗಳನ್ನು ಬಂದ ಸಾಲಿನಲ್ಲೇ ಮುಗಿಸುತ್ತದೆ. ಸಾಲಿನಲ್ಲಿ ಮುಂದೆ ಇರುವುದು ಮೆಮೊರಿಯಿಂದ ಡೇಟಾ ಬರಲಿ ಅಂತ ನಿಂತರೆ ಅದರ ಹಿಂದೆ ಇರುವುದೆಲ್ಲ ನಿಲ್ಲಬೇಕು. ಎ76 ಹಾಗಲ್ಲ. ಸಾಲಿನಲ್ಲಿ ಹಿಂದೆ ಇದ್ದರೂ ತಯಾರಾಗಿರುವ ಕೆಲಸವನ್ನು ಮೊದಲು ಮುಗಿಸಿಕೊಳ್ಳುತ್ತದೆ. ಒಂದೇ ಸಲಕ್ಕೆ ಹೆಚ್ಚು ಆದೇಶ ಎತ್ತಿಕೊಳ್ಳುತ್ತದೆ ಕೂಡ. ನಮ್ಮ ಎಪಿಎಂಸಿಯಲ್ಲಿ ಎಂಟು ಜನ ಹಮಾಲರಿದ್ದಾರೆ ಅಂದರೆ ಸಾಕಾ? ಮೆಕ್ಕೆಜೋಳದ ಮೂಟೆ ಒಬ್ಬನೇ ಎತ್ತುವವರು ಅವರಲ್ಲಿ ಎಷ್ಟು ಜನ ಅಂತ ಕೇಳಬೇಕು.

ಇದಕ್ಕೇ ಗೀಕ್‌ಬೆಂಚ್ ಅನ್ನುವ ಬೆಂಚ್‌ಮಾರ್ಕ್ ಆ್ಯಪ್ ಎರಡು ಅಂಕ ಕೊಡುತ್ತದೆ. ಸಿಂಗಲ್ ಕೋರ್ ಒಂದು, ಮಲ್ಟಿ ಕೋರ್ ಒಂದು. ಆ್ಯಪ್ ತೆರೆಯುವುದು, ಸ್ಕ್ರಾಲ್ ಮಾಡುವುದು, ಟೈಪ್ ಮಾಡುವುದು, ಇವೆಲ್ಲ ಬಹುಪಾಲು ಒಂದು ಮುಖ್ಯ ಥ್ರೆಡ್, ಅಂದರೆ ಒಂದೇ ಕೋರ್ ಮೇಲೆ ಸಾಲಾಗಿ ಓಡುವ ಕೆಲಸದ ಎಳೆಯ ಮೇಲೆ ನಿಂತಿರುತ್ತವೆ. ಹಾಗಾಗಿ ದಿನದ ಬಳಕೆಗೆ ಸಿಂಗಲ್ ಕೋರ್ ಅಂಕವನ್ನೇ ಮೊದಲು ನೋಡಿ.

ಆ ಅಂಕ ಎಲ್ಲಿಂದ ಬಂತು ಅನ್ನುವುದೂ ಗೊತ್ತಿರಲಿ. 2023ರಲ್ಲಿ ಬಂದ ಗೀಕ್‌ಬೆಂಚ್ 6ರಲ್ಲಿ ಇಂಟೆಲ್ ಕೋರ್ ಐ7-12700 ಇರುವ ಕಂಪ್ಯೂಟರನ್ನು 2500 ಅಂತ ಇಟ್ಟಿದ್ದಾರೆ. ಅಂಕ ಎರಡು ಪಟ್ಟಾದರೆ ವೇಗ ಎರಡು ಪಟ್ಟು. ಹಿಂದಿನ ಗೀಕ್‌ಬೆಂಚ್ 5ರಲ್ಲಿ ಕೋರ್ ಐ3-8100ಕ್ಕೆ 1000 ಇತ್ತು. ಅಳತೆಗೋಲೇ ಬೇರೆ. 5ರ ಅಂಕವನ್ನು 6ರ ಅಂಕದ ಪಕ್ಕ ಇಟ್ಟು ಯಾರಾದರೂ ತೋರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಮಲ್ಟಿ ಕೋರ್ ಲೆಕ್ಕವೂ 6ರಲ್ಲಿ ಬದಲಾಗಿದೆ. ಮೊದಲು ಒಂದೊಂದು ಕೋರ್‌ಗೂ ಬೇರೆ ಬೇರೆ ಕೆಲಸ ಹಂಚುತ್ತಿದ್ದರು. ಈಗ ಒಂದೇ ಕೆಲಸವನ್ನು ಎಲ್ಲ ಕೋರ್‌ಗಳೂ ಸೇರಿ ಮುಗಿಸಬೇಕು. ನಿಜವಾದ ಆ್ಯಪ್‌ಗಳು ಕೆಲಸ ಮಾಡುವುದು ಹೀಗೇ. ಅದಕ್ಕೆ ಸಣ್ಣ ಕೋರ್‌ಗಳನ್ನು ಸುಮ್ನೆ ತುಂಬಿಸಿದ ಚಿಪ್‌ಗೆ ಈಗ ಮೊದಲಿನಷ್ಟು ಲಾಭ ಸಿಗುವುದಿಲ್ಲ.

ಹಾಸ್ಟೆಲ್ ಗೇಮರ್

ಅಣ್ಣಾ, ಹಾಗಾದರೆ ಆಂಟುಟು ದಂಡನಾ? ನಾವು ಹಾಸ್ಟೆಲ್‌ನಲ್ಲಿ ಎಲ್ಲರೂ ಅದನ್ನೇ ನೋಡಿ ಫೋನ್ ತಗೊಂಡಿರೋದು. ಗೇಮ್ ಚೆನ್ನಾಗೇ ಓಡುತ್ತದೆ.

ಕೋಟೆ ಕಡೆಯವನು

ದಂಡ ಅಂತ ಹೇಳುವುದಿಲ್ಲ. ಆಂಟುಟು ಸಿಪಿಯು (ಈ ಕೋರ್‌ಗಳ ಭಾಗ), ಜಿಪಿಯು (ಗೇಮಿನ ಚಿತ್ರ ಮೂಡಿಸುವ ಭಾಗ), ಮೆಮೊರಿ, ಬಳಕೆಯ ಅನುಭವ, ಈ ನಾಲ್ಕನ್ನೂ ಕೂಡಿಸಿ ಒಂದು ದೊಡ್ಡ ಸಂಖ್ಯೆ ಮಾಡುತ್ತದೆ. ತೊಂದರೆ ಇರುವುದು ಆ ಕೂಡಿಕೆಯಲ್ಲಿ. ಒಂದು ಫೋನ್‌ಗೆ ಜಿಪಿಯು ಜೋರಾಗಿದ್ದು ಸಿಪಿಯು ಸಾಧಾರಣ. ಇನ್ನೊಂದಕ್ಕೆ ಉಲ್ಟಾ. ಒಟ್ಟು ಅಂಕ ಮಾತ್ರ ಎರಡಕ್ಕೂ ಒಂದೇ ಬರಬಹುದು. ನಿಮಗೆ ಗೇಮ್ ಬೇಕು, ಇವರ ತಂಗಿಗೆ ನೋಟ್ಸ್ ಮತ್ತು ಕೋಡ್ ಬೇಕು. ಇಬ್ಬರೂ ಅದೇ ಸಂಖ್ಯೆ ನೋಡಿದರೆ ಒಬ್ಬರಿಗೆ ಬೇಡದ ಫೋನ್ ಸಿಗುತ್ತದೆ. ಅಂಕದ ಒಳಗೆ ಹೋಗಿ ನಾಲ್ಕು ಭಾಗವನ್ನೂ ಬಿಡಿಬಿಡಿಯಾಗಿ ನೋಡಿ.

ಇನ್ನೊಂದು ವಿಷಯ. ಗೂಗಲ್ ಪ್ಲೇ ಸ್ಟೋರ್‌ನಿಂದ ಆಂಟುಟುವನ್ನು 2020ರ ಮಾರ್ಚ್‌ನಲ್ಲಿ ತೆಗೆದಿದ್ದರು. ಅದಾದ ಮೇಲೆ ಜನ ಎಲ್ಲೆಲ್ಲಿಂದಲೋ ಫೈಲ್ ಇಳಿಸಿಕೊಳ್ಳುವುದು ಶುರುವಾಯಿತು. ಯುಪಿಐ ಇರುವ ಫೋನ್‌ಗೆ ಸಿಕ್ಕಸಿಕ್ಕ ಜಾಗದಿಂದ ಫೈಲ್ ಹಾಕಬೇಡಿ.

ಹಾಸ್ಟೆಲ್ ಗೇಮರ್

ನನಗೆ ಬೇಕಾದ್ದು ಜಿಪಿಯು ಭಾಗ, ಅದು ಆಂಟುಟುದಲ್ಲಿ ಇದೆ. ನಾನಂತೂ ಬಿಡುವುದಿಲ್ಲ. ಆದರೆ ಒಂದು ಒಪ್ಪುತ್ತೇನೆ. ಗೇಮ್ ಶುರುವಾದಾಗ ಇರುವ ಫ್ರೇಮ್ ಅರ್ಧ ಗಂಟೆ ಆದ ಮೇಲೆ ಇರುವುದಿಲ್ಲ. ಇದಕ್ಕೆ ನಾವು ನೋಡುವುದು 3ಡಿಮಾರ್ಕ್ ಅನ್ನುವ ಜಿಪಿಯು ಬೆಂಚ್‌ಮಾರ್ಕ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್. ಒಂದು ನಿಮಿಷದ ಸುತ್ತು, ಹಾಗೆ ಬಿಡದೆ ಇಪ್ಪತ್ತು ಸುತ್ತು. ಕೊನೆಗೆ ಅತಿ ಹೆಚ್ಚು ಬಂದ ಸುತ್ತಿನ ಅಂಕ, ಅತಿ ಕಡಿಮೆ ಬಂದ ಸುತ್ತಿನ ಅಂಕ, ಸ್ಥಿರತೆ ಶೇಕಡಾ ಎಷ್ಟು ಅಂತ ತೋರಿಸುತ್ತದೆ. ಉದಾಹರಣೆಗೆ 3000 ಮತ್ತು 1800 ಬಂದರೆ ಸ್ಥಿರತೆ 60%.

ಹುಷಾರಾಗಿ ನೋಡಬೇಕಾದ್ದು ಈ ಶೇಕಡಾ. 3000ದಿಂದ 1800ಕ್ಕೆ ಬಿದ್ದ ಫೋನು 60%. 1200 ಇದ್ದದ್ದು 1190ಕ್ಕೆ ನಿಂತ ಫೋನು 99%. ಶೇಕಡಾ ಮಾತ್ರ ನೋಡಿದರೆ ಎರಡನೆಯದೇ ಒಳ್ಳೆಯದು ಅನಿಸುತ್ತದೆ. ಆದರೆ ಬಿಸಿಯಾದ ಮೇಲೂ ಮೊದಲನೆಯದೇ ಮುಂದೆ ಇದೆ. ನಾನು ಯಾವಾಗಲೂ ಕೆಳಗಿನ ಅಂಕವನ್ನೇ ಹೋಲಿಸುತ್ತೇನೆ.

ಕೋಟೆ ಕಡೆಯವನು

ಸರಿಯಾಗಿ ಹೇಳಿದಿರಿ. ಈ ಪದ್ಧತಿ ನಮ್ಮೆಲ್ಲರಿಗೂ ಬೇಕು.

ಹರಿಹರ ರೈಡರ್

ನನ್ನದು ಗೇಮ್ ಅಲ್ಲ, ಡೆಲಿವರಿ. ಫೋನ್ ಬೈಕ್ ಹ್ಯಾಂಡಲ್ ಮೇಲೆ, ಮ್ಯಾಪ್ ಆನ್, ನೆಟ್ ಆನ್, ಚಾರ್ಜರ್ ಸಿಕ್ಕಿಸಿರುತ್ತೇನೆ. ಬೇಸಿಗೆಯಲ್ಲಿ ಪಿ.ಬಿ. ರೋಡ್ ಮೇಲೆ ಮಧ್ಯಾಹ್ನ ಸ್ಕ್ರೀನ್ ತಾನೇ ಮಂಕಾಗುತ್ತದೆ. ಮ್ಯಾಪ್ ತಡೆದು ತಡೆದು ಓಡುತ್ತದೆ. ರಾತ್ರಿ ಅದೇ ಫೋನು ಸರಾಗ. ಇದು ಪ್ರೊಸೆಸರ್ ದೋಷನಾ ಅಣ್ಣಾ?

ಕೋಟೆ ಕಡೆಯವನು

ದೋಷ ಅಲ್ಲ ತಮ್ಮಾ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಫೋನ್‌ನಲ್ಲಿ ಫ್ಯಾನ್ ಇರುವುದಿಲ್ಲ. ಚಿಪ್‌ನ ಬಿಸಿ ಮೈಗೆ ಹರಡಿ, ಮೈಯಿಂದ ಗಾಳಿಗೆ ಹೋಗಬೇಕು. ಹೋಗುವ ಬಿಸಿ ಎಷ್ಟು ಅನ್ನುವುದು ಮೈಗೂ ಗಾಳಿಗೂ ಇರುವ ತಾಪದ ಅಂತರದ ಮೇಲೆ ನಿಂತಿದೆ. ಫೋನಿನ ಹೊರಮೈ 43 ಡಿಗ್ರಿ ದಾಟಬಾರದು ಅಂತ ಕಂಪನಿ ಮಿತಿ ಹಾಕಿದೆ ಅಂದುಕೊಳ್ಳಿ. 25 ಡಿಗ್ರಿಯ ಎಸಿ ರೂಮಿನಲ್ಲಿ ಅಂತರ 18 ಡಿಗ್ರಿ. ನಮ್ಮಲ್ಲಿ 38 ಡಿಗ್ರಿಯ ಮಧ್ಯಾಹ್ನ, ನೆರಳಲ್ಲೇ ಇಟ್ಟರೂ ಅಂತರ ಬರೀ 5 ಡಿಗ್ರಿ. ಅಂದರೆ ಅದೇ ಫೋನು ಹೊರಗೆ ಬಿಡಬಹುದಾದ ಬಿಸಿ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನೇರ ಬಿಸಿಲಲ್ಲಿ ಇಟ್ಟರೆ ಸೂರ್ಯನೂ ಬಿಸಿ ಸೇರಿಸುತ್ತಾನೆ. ಚಾರ್ಜ್ ಆಗುವ ಬ್ಯಾಟರಿ ತನ್ನ ಪಾಲು ಸೇರಿಸುತ್ತದೆ. ಸ್ಕ್ರೀನ್ ಪೂರ್ತಿ ಬೆಳಕಿನಲ್ಲಿ ಇನ್ನಷ್ಟು. ಆಗ ಫೋನು ಮಾಡುವುದು ಎರಡೇ ಕೆಲಸ. ಕ್ಲಾಕ್ ಇಳಿಸುತ್ತದೆ, ಸ್ಕ್ರೀನ್ ಮಂಕು ಮಾಡುತ್ತದೆ. ನಿಮಗೆ ಕಾಣುತ್ತಿರುವುದು ಇವೆರಡೇ.

ಬಿಸಿ ಮೂರನೇ ಒಂದು ಪಾಲಾದರೆ ವೇಗವೂ ಮೂರನೇ ಒಂದು ಪಾಲಾಗುತ್ತದಾ ಅಂದರೆ, ಪುಣ್ಯಕ್ಕೆ ಇಲ್ಲ. ಕ್ಲಾಕ್ ಇಳಿಸಿದಾಗ ಚಿಪ್‌ಗೆ ಕೊಡುವ ವೋಲ್ಟೇಜನ್ನೂ ಇಳಿಸಬಹುದು. ಕರೆಂಟ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಕ್ಲಾಕ್ ಮತ್ತು ವೋಲ್ಟೇಜ್ ಎರಡೂ 20% ಇಳಿದರೆ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ, ವೇಗ ಹೋಗುವುದು 20% ಮಾತ್ರ. ಇದಕ್ಕೇ ನಾನು ಹೇಳುವುದು, ನಮ್ಮ ಊರಿಗೆ ಚಿಪ್ ಆರಿಸುವಾಗ ತುತ್ತತುದಿಯ ವೇಗಕ್ಕಿಂತ ಒಂದು ವಾಟ್‌ಗೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ದೊಡ್ಡದು.

ಇದಕ್ಕೆ ಕಣ್ಣಿಗೆ ಕಾಣುವ ಉದಾಹರಣೆ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1 ಮತ್ತು 8 ಪ್ಲಸ್ ಜೆನ್ 1 ಚಿಪ್‌ಗಳು. ಎರಡರಲ್ಲೂ ಅದೇ ಕೋರ್‌ಗಳು. ಮೊದಲನೆಯದು ಸ್ಯಾಮ್‌ಸಂಗ್‌ನ 4 ನ್ಯಾನೋಮೀಟರ್ ಘಟಕದಲ್ಲಿ ತಯಾರಾದದ್ದು. 2022ರಲ್ಲಿ ಬಂದ ಎರಡನೆಯದು ತೈವಾನಿನ ಟಿಎಸ್‌ಎಂಸಿಯ 4 ನ್ಯಾನೋಮೀಟರ್ ಘಟಕದಲ್ಲಿ. ದೊಡ್ಡ ಕೋರ್‌ನ ಕ್ಲಾಕ್ 3.0ದಿಂದ 3.2 ಗಿಗಾಹರ್ಟ್ಸ್‌ಗೆ ಏರಿದರೂ ಕರೆಂಟ್ ಖರ್ಚು ಇಳಿಯಿತು. ವಿನ್ಯಾಸ ಒಂದೇ, ತಯಾರಿಸಿದ ಜಾಗ ಬೇರೆ, ಬಿಸಿ ಬೇರೆ. ಬರೀ ಕೋರ್ ಹೆಸರು ನೋಡಿದರೆ ಇದು ಯಾವುದೂ ಗೊತ್ತಾಗುವುದಿಲ್ಲ.

ನಿಮಗೆ ಸದ್ಯಕ್ಕೆ ಉಪಾಯ: ದಪ್ಪ ಪೌಚ್ ತೆಗೆಯಿರಿ, ಹ್ಯಾಂಡಲ್ ಮೇಲೆ ಒಂದು ಸಣ್ಣ ನೆರಳು ಕಟ್ಟಿ, ಮಧ್ಯಾಹ್ನ ಓಡಿಸುವಾಗ ಫಾಸ್ಟ್ ಚಾರ್ಜ್ ಬೇಡ.

ಹರಿಹರ ರೈಡರ್

ಪೌಚ್ ಇವತ್ತೇ ತೆಗೆಯುತ್ತೇನೆ ಅಣ್ಣಾ. ಥ್ಯಾಂಕ್ಸ್.

ಇಸಿ ಹುಡುಗಿ

ನಾನು ದಾವಣಗೆರೆಯಲ್ಲೇ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಅಂಕ ಯಾಕೆ ನಂಬಬಾರದು ಅನ್ನುವುದಕ್ಕೆ ಹಳೆಯ ಕಥೆಯೇ ಇದೆ. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಡ್ರೈಸ್ಟೋನ್ ಅಂತ ಒಂದು ಸಣ್ಣ ಪರೀಕ್ಷಾ ಪ್ರೋಗ್ರಾಂ ಬರೆದರು. ವ್ಯಾಕ್ಸ್ 11/780 ಕಂಪ್ಯೂಟರ್ ಅದನ್ನು ಸೆಕೆಂಡಿಗೆ 1757 ಸಲ ಓಡಿಸುತ್ತಿತ್ತು. ಅದನ್ನೇ ಒಂದು ಎಂಐಪಿಎಸ್ (ಸೆಕೆಂಡಿಗೆ ಹತ್ತು ಲಕ್ಷ ಆದೇಶ) ಅಂತ ಹಿಡಿದರು. ಎಷ್ಟೋ ಚಿಪ್‌ಗಳ ಮಾಹಿತಿ ಹಾಳೆಯಲ್ಲಿ ಡಿಎಂಐಪಿಎಸ್ ಅಂತ ಇರುವುದು ಇದೇ. ಆದರೆ ಆ ಪ್ರೋಗ್ರಾಂ ತೀರಾ ಚಿಕ್ಕದು. ಪೂರ್ತಿ ಕ್ಯಾಶ್, ಅಂದರೆ ಚಿಪ್‌ನಲ್ಲೇ ಇರುವ ಸಣ್ಣ ವೇಗದ ಮೆಮೊರಿ ಒಳಗೇ ಕೂತುಬಿಡುತ್ತದೆ. ಹೊರಗಿನ ಮೆಮೊರಿ ನಿಧಾನ ಇದ್ದರೂ ಗೊತ್ತೇ ಆಗುವುದಿಲ್ಲ. ಅದೂ ಅಲ್ಲದೆ ಜಾಣ ಕಂಪೈಲರ್‌ಗಳು (ಬರೆದ ಪ್ರೋಗ್ರಾಂ ಅನ್ನು ಚಿಪ್‌ನ ಭಾಷೆಗೆ ತಿರುಗಿಸುವ ತಂತ್ರಾಂಶ) ಅದರಲ್ಲಿನ ಒಂದಷ್ಟು ಕೆಲಸವನ್ನು ಮಾಡದೆಯೇ ಹಾರಿಸಿಬಿಡುತ್ತಿದ್ದವು. ಅಳೆಯುತ್ತಿದ್ದದ್ದು ಚಿಪ್ಪನ್ನೋ ಕಂಪೈಲರನ್ನೋ ಅನ್ನುವ ಹಾಗಾಯಿತು. ಆ ಕೊರತೆ ನೀಗಿಸಲು 2009ರಲ್ಲಿ ಇಇಎಂಬಿಸಿ ಸಂಸ್ಥೆ ಕೋರ್‌ಮಾರ್ಕ್ ಅನ್ನುವ ಹೊಸ ಪರೀಕ್ಷೆ ತಂದಿತು.

ಫೋನ್ ಕಾಲದಲ್ಲಿ ಕಂಪನಿಗಳೇ ಅಂಕ ಉಬ್ಬಿಸಲು ಶುರುಮಾಡಿದವು. 2013ರಲ್ಲಿ ಗ್ಯಾಲಕ್ಸಿ ನೋಟ್ 3 ಕೆಲವು ಬೆಂಚ್‌ಮಾರ್ಕ್ ಆ್ಯಪ್‌ಗಳ ಹೆಸರು ಗುರುತಿಸಿ ಚಿಪ್ಪನ್ನು ಪೂರ್ತಿ ವೇಗದಲ್ಲಿ ಇಡುತ್ತಿತ್ತು. ಆರ್ಸ್ ಟೆಕ್ನಿಕಾ ಅನ್ನುವ ಟೆಕ್ ಸುದ್ದಿ ತಾಣದವರು ಗೀಕ್‌ಬೆಂಚ್‌ನ ಹೆಸರು ಬದಲಿಸಿ ಅದೇ ಫೋನಿನಲ್ಲಿ ಓಡಿಸಿದರು. ಗುಟ್ಟು ಬಯಲಾಯಿತು. ಕೆಲವು ಪರೀಕ್ಷೆಯಲ್ಲಿ 20% ತನಕ ಉಬ್ಬಿಸಿದ್ದು ಕಂಡಿತು. 2018ರಲ್ಲಿ ಹುವಾವೇ ಪಿ20ಯನ್ನು ಇದೇ ಥರದ ಕಾರಣಕ್ಕೆ 3ಡಿಮಾರ್ಕ್ ಪಟ್ಟಿಯಿಂದ ತೆಗೆದರು. 2022ರಲ್ಲಿ ಇನ್ನೊಂದು ರೂಪ. ಸ್ಯಾಮ್‌ಸಂಗ್‌ನ ಗೇಮ್ ಆಪ್ಟಿಮೈಸಿಂಗ್ ಸರ್ವಿಸ್ ಸಾವಿರಾರು ಆ್ಯಪ್‌ಗಳನ್ನು ನಿಧಾನ ಮಾಡುತ್ತಿತ್ತು, ಬೆಂಚ್‌ಮಾರ್ಕ್‌ಗಳನ್ನು ಮಾತ್ರ ಬಿಟ್ಟು. ಗೀಕ್‌ಬೆಂಚ್‌ನವರು ಎಸ್10ರಿಂದ ಎಸ್22 ತನಕದ ಫೋನ್‌ಗಳನ್ನು ತಮ್ಮ ಪಟ್ಟಿಯಿಂದ ಹೊರಗಿಟ್ಟರು. ಆಮೇಲೆ ಕಂಪನಿ ಅಪ್‌ಡೇಟ್ ಕೊಟ್ಟು ಬಳಕೆದಾರರಿಗೆ ಆಯ್ಕೆ ಬಿಟ್ಟಿತು.

ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ಸಾವಿರ ಸಾವಿರ ಕೂಡಿಟ್ಟು ಫೋನ್ ತಗೊಳ್ಳುವವರು ಆ ಅಂಕವನ್ನೇ ನಂಬಿರುತ್ತಾರೆ ಅಲ್ವಾ?

ಸರ್ವಿಸ್ ಟೇಬಲ್

ಮೇಡಂ ಹೇಳಿದ್ದು ನಿಜ. ಆದರೆ ಬೆಂಚ್‌ಮಾರ್ಕ್‌ನಿಂದ ಜನರಿಗೆ ನ್ಯಾಯ ಸಿಕ್ಕಿದ್ದೂ ಇದೆ. 2017ರ ಡಿಸೆಂಬರ್‌ನಲ್ಲಿ ಗೀಕ್‌ಬೆಂಚ್ ಮಾಡಿದ ಜಾನ್ ಪೂಲ್ ಐಫೋನ್ 6ಎಸ್ ಮತ್ತು 7ರ ಅಂಕಗಳನ್ನೆಲ್ಲ ಹಾಕಿ ಗ್ರಾಫ್ ತೋರಿಸಿದರು. ಒಂದೇ ಮಾಡೆಲ್‌ಗೆ ಒಂದೇ ಕಡೆ ಗುಂಪಾಗಬೇಕಿದ್ದ ಅಂಕಗಳು, ಹೊಸ ಅಪ್‌ಡೇಟ್ ಬಂದ ಮೇಲೆ ಕೆಳಗೆ ಬೇರೆ ಬೇರೆ ಕಡೆ ಗುಂಪಾಗಿದ್ದವು. ಹಳೆ ಬ್ಯಾಟರಿ ಇರುವ ಫೋನ್ ಏಕಾಏಕಿ ಆಫ್ ಆಗದಿರಲಿ ಅಂತ ವೇಗ ಇಳಿಸುತ್ತಿದ್ದೇವೆ ಅಂತ ಆ್ಯಪಲ್ ಒಪ್ಪಿಕೊಂಡಿತು. ಕ್ಷಮೆ ಕೇಳಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು.

ನಾನು ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. "ಪ್ರೊಸೆಸರ್ ಹೋಗಿದೆ, ಹ್ಯಾಂಗ್ ಆಗ್ತಿದೆ" ಅಂತ ಬರುವವರಲ್ಲಿ ಪ್ರೊಸೆಸರ್ ಕಾರಣ ಆಗಿರುವುದು ಅಪರೂಪ. ಸ್ಟೋರೇಜ್ ತುಂಬಿ ತುಳುಕುತ್ತಿರುತ್ತದೆ. ವಾಟ್ಸಾಪ್ ಗುಂಪುಗಳ ಗುಡ್ ಮಾರ್ನಿಂಗ್ ವಿಡಿಯೋಗಳೇ ಎಷ್ಟೋ ಜಿಬಿ. ಫ್ಲ್ಯಾಶ್ ಮೆಮೊರಿಯಲ್ಲಿ ಖಾಲಿ ಜಾಗ ಕಡಿಮೆ ಆದಷ್ಟೂ ಬರೆಯುವ ಕೆಲಸ ನಿಧಾನ ಆಗುತ್ತದೆ. ಎರಡನೆಯದು ಇಎಂಎಂಸಿ ಮತ್ತು ಯುಎಫ್‌ಎಸ್ ಅನ್ನುವ ಎರಡು ಬಗೆಯ ಸ್ಟೋರೇಜ್‌ಗಳ ವ್ಯತ್ಯಾಸ. ಇಎಂಎಂಸಿ ಒಂದು ಸಲಕ್ಕೆ ಓದಬೇಕು ಇಲ್ಲ ಬರೆಯಬೇಕು. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಅಪ್‌ಡೇಟ್ ಇಳಿಯುತ್ತಿರುವಾಗಲೇ ಆ್ಯಪ್ ತೆರೆದು ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಈ ಕೊರತೆ ಗೀಕ್‌ಬೆಂಚ್‌ನ ಸಿಪಿಯು ಅಂಕದಲ್ಲಿ ಕಾಣುವುದೇ ಇಲ್ಲ.

ತಂಗಿಗೆ ಫೋನ್ ತಗೊಳ್ಳುವ ಅಣ್ಣನಿಗೆ ನನ್ನ ಮಾತು: ಅದೇ ದುಡ್ಡಿಗೆ ಸ್ವಲ್ಪ ಕಡಿಮೆ ಅಂಕದ ಚಿಪ್ ಜೊತೆ ಯುಎಫ್‌ಎಸ್ 2.2 ಸಿಕ್ಕರೆ, ಇಎಂಎಂಸಿ ಇರುವ ಜಾಸ್ತಿ ಅಂಕದ ಫೋನ್ ಬಿಟ್ಟು ಇದನ್ನೇ ತಗೊಳ್ಳಿ.

ಮದುವೆ ಕ್ಯಾಮೆರಾ ಚಿತ್ರದುರ್ಗ

ನನ್ನ ಕಡೆಯಿಂದ ಒಂದು. ಮದುವೆಯ ಚಿಕ್ಕ ವಿಡಿಯೋಗಳನ್ನು ಫೋನಲ್ಲೇ ಎಡಿಟ್ ಮಾಡಿ ಅಲ್ಲೇ ಕಳಿಸುತ್ತೇನೆ. ಸಿಪಿಯು ಅಂಕ ಜಾಸ್ತಿ ಇರುವ ಫೋನಲ್ಲಿ ಎಕ್ಸ್‌ಪೋರ್ಟ್ ಬೇಗ ಆಗಬೇಕಲ್ವಾ? ನನ್ನ ಬಳಿ ಹಾಗಾಗುತ್ತಿಲ್ಲ.

ಕೋಟೆ ಕಡೆಯವನು

ಯಾಕೆಂದರೆ ವಿಡಿಯೋ ಕುಗ್ಗಿಸುವ ಕೆಲಸಕ್ಕೆ ಚಿಪ್‌ನಲ್ಲಿ ಬೇರೆಯೇ ಒಂದು ಭಾಗ ಇರುತ್ತದೆ. ಎಡಿಟಿಂಗ್ ಆ್ಯಪ್ ಅದನ್ನು ಬಳಸಿದರೆ ಸಿಪಿಯುಗೆ ಅಲ್ಲಿ ಹೆಚ್ಚು ಕೆಲಸವೇ ಇಲ್ಲ. ನಿಮಗೆ ಯಾವ ಬೆಂಚ್‌ಮಾರ್ಕೂ ಬೇಡ. ಒಂದೇ ಕ್ಲಿಪ್, ಒಂದೇ ಆ್ಯಪ್, ಒಂದೇ ಸೆಟ್ಟಿಂಗ್ ಇಟ್ಟು ಎರಡು ಫೋನಲ್ಲೂ ಎಕ್ಸ್‌ಪೋರ್ಟ್ ಮಾಡಿ ಸಮಯ ನೋಡಿ. ಮಂಟಪದಲ್ಲಿ ಶೂಟ್ ಮುಗಿಸಿ ಫೋನ್ ಬಿಸಿ ಇರುವಾಗಲೇ ನೋಡಿದರೆ ಇನ್ನೂ ಒಳ್ಳೆಯದು.

ವಿದ್ಯಾನಗರ ದಾವಣಗೆರೆ

ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಈಗ ಎಲ್ಲರೂ ಒಂದೇ ಥರ ಅಳೆಯುವ ಪದ್ಧತಿ ಯಾರಾದರೂ ಬರೆದು ಕೊಡಿ.

ಕೋಟೆ ಕಡೆಯವನು

ಹೀಗೆ ಮಾಡೋಣ. ಫೋನ್ ರೀಸ್ಟಾರ್ಟ್ ಮಾಡಿ ಹತ್ತು ನಿಮಿಷ ಸುಮ್ಮನೆ ಬಿಡಿ. ಆನ್ ಆದ ತಕ್ಷಣ ಒಳಗೆ ಏನೇನೋ ನಡೆಯುತ್ತಿರುತ್ತದೆ. ಚಾರ್ಜರ್ ತೆಗೆಯಿರಿ, ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ, ಬ್ಯಾಟರಿ ಸೇವರ್ ಆಫ್ ಇರಲಿ. ಪರ್ಫಾರ್ಮೆನ್ಸ್ ಮೋಡ್ ಇದ್ದರೆ ಅದೂ ಆಫ್. ಏಕೆಂದರೆ ಮಾಮೂಲಿ ದಿನ ಯಾರೂ ಅದನ್ನು ಹಾಕಿಕೊಂಡು ಓಡಾಡುವುದಿಲ್ಲ. ಆಮೇಲೆ ಗೀಕ್‌ಬೆಂಚ್ 6 ಐದು ಸಲ ಓಡಿಸಿ. ಐದನ್ನೂ ಸಾಲಾಗಿ ಇಟ್ಟು ನಡುವಿನದು ತಗೊಳ್ಳಿ, ಅತಿ ಹೆಚ್ಚಿನದಲ್ಲ. ಆವೃತ್ತಿ ಸಂಖ್ಯೆ ಪೂರ್ತಿ ಬರೆಯಿರಿ. 2024ರ 6.3ರಲ್ಲಿ ಹೊಸ ಬಗೆಯ ಆದೇಶಗಳಿಗೆ ಬೆಂಬಲ ಸೇರಿಸಿದ್ದಾರೆ. ಅವು ಇರುವ ಚಿಪ್‌ಗೆ ಅಂಕ ಏರುತ್ತದೆ.

ಅದಾದ ಮೇಲೆ 3ಡಿಮಾರ್ಕ್ ಸ್ಟ್ರೆಸ್ ಟೆಸ್ಟ್, ಕೆಳಗಿನ ಅಂಕ ಬರೆದುಕೊಳ್ಳಿ. ಆ ಬಿಸಿ ಫೋನಿನಲ್ಲೇ ಮತ್ತೊಮ್ಮೆ ಗೀಕ್‌ಬೆಂಚ್. ತಣ್ಣಗಿನ ಅಂಕ, ಬಿಸಿ ಅಂಕ ಎರಡೂ ಹಾಕಿ. ಪಕ್ಕದಲ್ಲಿ ರೂಮಿನ ತಾಪ ಎಷ್ಟಿತ್ತು, ಪೌಚ್ ಇತ್ತೋ ಇಲ್ಲವೋ ಅನ್ನುವುದು ಇರಲೇಬೇಕು. ತಾಪ ಬರೆಯದ ಅಂಕವನ್ನು ನಾನಂತೂ ಹೋಲಿಕೆಗೆ ತಗೊಳ್ಳುವುದಿಲ್ಲ.

ಇಸಿ ಹುಡುಗಿ

ಇದಕ್ಕೆ ಒಂದು ಸೇರಿಸಿ ಸರ್. ಆ್ಯಪ್ ತೆರೆಯುವ ಸಮಯ ಸ್ಟಾಪ್‌ವಾಚ್‌ನಲ್ಲಿ ಸರಿಯಾಗಿ ಸಿಗುವುದಿಲ್ಲ, ನಮ್ಮ ಬೆರಳೇ ತಡ ಮಾಡುತ್ತದೆ. ಇನ್ನೊಂದು ಫೋನ್‌ನಲ್ಲಿ ಸ್ಲೋ ಮೋಷನ್, ಸೆಕೆಂಡಿಗೆ 240 ಫ್ರೇಮ್ ಇಟ್ಟು ಶೂಟ್ ಮಾಡಿ. ಬೆರಳು ಸ್ಕ್ರೀನ್ ಮುಟ್ಟಿದ ಫ್ರೇಮ್‌ನಿಂದ ಆ್ಯಪ್ ಪೂರ್ತಿ ಬಂದ ಫ್ರೇಮ್ ತನಕ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. ಯಾವ ಕಂಪನಿಯೂ ಇದರಲ್ಲಿ ಆಟ ಆಡೋಕಾಗಲ್ಲ.

ವಿದ್ಯಾನಗರ ದಾವಣಗೆರೆ

ಬಹಳ ಚೆನ್ನಾಗಿದೆ. ಆದರೆ ಅಂಗಡಿಯಲ್ಲಿ ಇಟ್ಟಿರುವ ಡೆಮೊ ಫೋನ್‌ಗೆ ಆ್ಯಪ್ ಹಾಕೋಕೆ ಬಿಡಲ್ವಲ್ಲ. ಅಲ್ಲಿ ಏನು ಮಾಡುವುದು?

ಇಸಿ ಹುಡುಗಿ

ಸ್ಪೀಡೋಮೀಟರ್ 3 ಅನ್ನುವ ಬೆಂಚ್‌ಮಾರ್ಕ್ ಇದೆ. ಬ್ರೌಸರ್‌ನಲ್ಲೇ ಓಡುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆ್ಯಪಲ್, ಗೂಗಲ್, ಮೊಜಿಲ್ಲಾ ಸೇರಿ 2024ರಲ್ಲಿ ತಂದದ್ದು. ವೆಬ್ ಪೇಜ್‌ನಲ್ಲಿ ಜನ ಮಾಡುವ ಕೆಲಸಗಳನ್ನೇ ಮಾಡಿಸಿ ನೋಡುತ್ತದೆ. ನಿಮ್ಮ ತಂಗಿಯ ಕಾಲೇಜ್ ಪೋರ್ಟಲ್, ಆನ್‌ಲೈನ್ ನೋಟ್ಸ್ ಎಲ್ಲ ಬ್ರೌಸರ್‌ನಲ್ಲೇ ತಾನೇ? ಅವಳಿಗೆ ಇದು ಆಂಟುಟುಗಿಂತ ಹತ್ತಿರದ ಅಳತೆ.

ವಿದ್ಯಾನಗರ ದಾವಣಗೆರೆ

ನಿನ್ನೆ ಸಂಜೆ ತಂಗಿಯನ್ನೇ ಕರೆದುಕೊಂಡು ಹೋಗಿದ್ದೆ. ಅಂಗಡಿಯವರು ಖುಷಿಯಿಂದಲೇ ಬಿಟ್ಟರು. ಎರಡು ಫೋನಲ್ಲಿ ಸ್ಪೀಡೋಮೀಟರ್ ಓಡಿಸಿದಳು. ಆಂಟುಟುದಲ್ಲಿ ಹಿಂದಿದ್ದ ಫೋನೇ ಇದರಲ್ಲಿ ಮುಂದೆ ಬಂತು. ಅದರಲ್ಲಿ ಯುಎಫ್‌ಎಸ್ ಕೂಡ ಇದೆ. ತಗೊಳ್ಳುವ ಮುಂಚೆ ಇನ್ನೇನಾದರೂ ನೋಡಬೇಕಾ?

ಇಸಿ ಹುಡುಗಿ

ಎರಡರಲ್ಲೂ ಕ್ರೋಮ್ ಆವೃತ್ತಿ ಒಂದೇ ಇತ್ತಾ? ಡೆಮೊ ಫೋನ್‌ಗಳಲ್ಲಿ ಹಳೆಯದು ಹಾಗೇ ಇರುತ್ತದೆ. ಬ್ರೌಸರ್ ಹಳೆಯದಾದರೆ ಅಂಕ ಕಡಿಮೆ ಬರಬಹುದು. ಸೆಟ್ಟಿಂಗ್ಸ್‌ನಲ್ಲಿ 'ಕ್ರೋಮ್ ಬಗ್ಗೆ' ಅಂತ ಇರುತ್ತದೆ, ಅಲ್ಲಿ ಸಂಖ್ಯೆ ನೋಡಿ.

ಸರ್ವಿಸ್ ಟೇಬಲ್

ಹಾಗೇ ಡೆಮೊ ಫೋನುಗಳು ಇಡೀ ದಿನ ಚಾರ್ಜ್‌ನಲ್ಲೇ ಇರುತ್ತವೆ, ಮೈ ಬೆಚ್ಚಗಿರುತ್ತದೆ. ವೈರ್ ತೆಗೆಸಿ, ಎರಡನ್ನೂ ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಇಟ್ಟು ಇನ್ನೊಮ್ಮೆ ಓಡಿಸಿ.

ವಿದ್ಯಾನಗರ ದಾವಣಗೆರೆ

ಕ್ರೋಮ್ ಆವೃತ್ತಿ ನೋಡಿರಲಿಲ್ಲ. ಭಾನುವಾರ ಮತ್ತೆ ಹೋಗುತ್ತೇವೆ. ಎರಡಕ್ಕೂ ಅಪ್‌ಡೇಟ್ ಹಾಕಿಸಿ, ವೈರ್ ತೆಗೆಸಿ ಓಡಿಸುತ್ತೇವೆ. ಅಂಕದ ಜೊತೆ ಅಂಗಡಿಯ ತಾಪವನ್ನೂ ಇಲ್ಲೇ ಹಾಕುತ್ತೇನೆ.